ಪಿಕಪ್ ಎತ್ತರಿಸುವ ಮೊದಲು ತೂಗಿ, ಅಳೆಯಿರಿ

ಖಾಲಿ ಪಿಕಪ್ಪನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಪಕ್ಕದಿಂದ ನೋಡಿ. ಮೂಗು ತಗ್ಗಿ, ಹಿಂಭಾಗ ಎದ್ದು ನಿಂತಿರುತ್ತದೆ. ಟೊಯೋಟಾ ಹೈಲಕ್ಸ್ ಆಗಲಿ, ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್ ಆಗಲಿ, ಕಾರ್ಖಾನೆಯಿಂದ ಬರುವುದೇ ಹಾಗೆ. ಡೆಕ್ಕಿನ ಮೇಲೆ ಹೊರೆ ಬಿದ್ದಾಗ ಹಿಂಭಾಗ ಕೂತು ಗಾಡಿ ಸಮವಾಗಲಿ ಎಂದು ಬೇಕೆಂದೇ ಬಿಟ್ಟ ಅಂತರ ಅದು. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಈ ಗಾಡಿಗಳನ್ನು ಓಡಿಸುವವರು ಮೊದಲು ಕೇಳುವ ಪ್ರಶ್ನೆ ಮಾತ್ರ ಒಂದೇ: ‘ಎರಡು ಇಂಚು ಲಿಫ್ಟ್ ಕಿಟ್‌ಗೆ ಎಷ್ಟಾಗುತ್ತೆ?’ (ಲಿಫ್ಟ್ ಕಿಟ್ ಎಂದರೆ ಗಾಡಿ ಎತ್ತರಿಸುವ ಬಿಡಿಭಾಗಗಳ ಸೆಟ್.) ಎಡವಟ್ಟು ಶುರುವಾಗುವುದು ಆ ಪ್ರಶ್ನೆಯಿಂದಲೇ. ಡಬ್ಬದ ಮೇಲೆ ಬರೆದಿರುವ ಎತ್ತರ ಸ್ಪ್ರಿಂಗಿನ ಗುಣವನ್ನು ಪೂರ್ತಿಯಾಗಿ ಹೇಳುವುದಿಲ್ಲ. ಇಂಥ ಗಾಡಿಯ ಮೇಲೆ, ಇಷ್ಟು ತೂಕ ಇದ್ದಾಗ, ಆ ಸ್ಪ್ರಿಂಗ್ ಇಷ್ಟು ಎತ್ತುತ್ತದೆ ಎಂಬುದಷ್ಟೇ ಅದರ ಅರ್ಥ. ತೂಕ ಬದಲಾದರೆ ಎತ್ತರವೂ ಬದಲಾಗುತ್ತದೆ. ಆದ್ದರಿಂದ ಎತ್ತರವನ್ನು ಆರಿಸುವ ಮೊದಲು ತೂಕ ಗೊತ್ತಿರಬೇಕು.

ಇಲ್ಲಿ ಹೇಳುತ್ತಿರುವುದು ಮುಂದೆ ಡಬಲ್ ವಿಶ್‌ಬೋನ್ (ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುವ ವ್ಯವಸ್ಥೆ) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ (ಗ್ಯಾರೇಜಿನಲ್ಲಿ ಪ್ಲೇಟು ಅನ್ನುವುದು ಇದಕ್ಕೇ) ಇರುವ ಗಾಡಿಗಳ ಬಗ್ಗೆ. ಹೈಲಕ್ಸ್, ವಿ-ಕ್ರಾಸ್ ಎರಡೂ ಇದೇ ಜಾತಿಯವು.

ಲಿಫ್ಟ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಸಸ್ಪೆನ್ಷನ್ ಲಿಫ್ಟ್ ಎತ್ತುವುದು ಚಾಸಿಯನ್ನು ಮತ್ತು ಬಾಡಿಯನ್ನು. ಬಂಪರಿನ ಕೆಳಗಿನ ಅಂಚು, ಫುಟ್‌ಬೋರ್ಡ್, ಡೀಸೆಲ್ ಟ್ಯಾಂಕ್ ನೆಲದಿಂದ ದೂರವಾಗುತ್ತವೆ. ಹಿಂದಿನ ಆಕ್ಸಲ್ಲಿನ ನಡುವೆ ಗುಂಡಗಿರುವ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಮಾತ್ರ ಇದ್ದಲ್ಲೇ ಇರುತ್ತದೆ, ಏಕೆಂದರೆ ಆಕ್ಸಲ್ ನಿಂತಿರುವುದು ಚಕ್ರದ ಮೇಲೆ. ಕಲ್ಲಿಗೆ ಡಿಫರೆನ್ಷಿಯಲ್ ತಾಗುತ್ತಿದೆ ಎಂದು ಲಿಫ್ಟ್ ಹಾಕಿಸಿದರೆ ಅದು ಆಮೇಲೂ ತಾಗುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರ್ ಒಂದೇ.

ಲೆಕ್ಕ ಹಾಕಿ ನೋಡೋಣ. 265/65 ಆರ್17 ಟೈರಿನ ವ್ಯಾಸ ಸುಮಾರು 776 ಮಿ.ಮೀ. ಅದೇ ರಿಮ್ಮಿಗೆ 265/70 ಹಾಕಿದರೆ ಸುಮಾರು 803 ಮಿ.ಮೀ. ವ್ಯಾಸ 27 ಮಿ.ಮೀ. ಹೆಚ್ಚಿದರೂ ಆಕ್ಸಲ್ ಏಳುವುದು ಅದರ ಅರ್ಧ, ಅಂದರೆ 13 ಮಿ.ಮೀ. ಜೊತೆಗೆ ಸ್ಪೀಡೋಮೀಟರ್ ಈಗ ತೋರಿಸುವುದಕ್ಕಿಂತ ನಿಜವಾದ ವೇಗ ಸುಮಾರು ಶೇ. 3.4ರಷ್ಟು ಹೆಚ್ಚುತ್ತದೆ. ಆ ಟೈರು ಮಡ್‌ಗಾರ್ಡಿನ ಒಳಗಿನ ಲೈನರ್‌ಗೆ ಉಜ್ಜದೆ ತಿರುಗಲು ಜಾಗ ಬೇಕು. ಲಿಫ್ಟ್ ಆ ಜಾಗವನ್ನು ಸ್ವಲ್ಪ ಮಟ್ಟಿಗೆ ಕೊಡುತ್ತದೆ. ಸ್ವಲ್ಪ ಮಟ್ಟಿಗೆ ಮಾತ್ರ, ಏಕೆಂದರೆ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಲಿಫ್ಟ್ ಇದ್ದರೂ ಇಲ್ಲದಿದ್ದರೂ ಚಕ್ರ ಮುಟ್ಟುವ ಜಾಗ ಒಂದೇ.

ಕಳೆದುಕೊಳ್ಳುವುದನ್ನೂ ತಿಳಿದಿರಬೇಕು. ಗಾಡಿಯ ತೂಕದ ಕೇಂದ್ರ ಮೇಲಕ್ಕೆ ಹೋಗುತ್ತದೆ. ಓರೆ ದಾರಿಯಲ್ಲಿ ವಾಲುವಾಗ, ಘಾಟಿಯ ತಿರುವಿನಲ್ಲಿ ಬ್ರೇಕ್ ಹಿಡಿದಾಗ ಅದು ಮೈಗೆ ಗೊತ್ತಾಗುತ್ತದೆ. ಚಾಸಿಯ ಮಟ್ಟದಲ್ಲಿ 40ರಿಂದ 50 ಮಿ.ಮೀ. ದಾಟದೆ ನಿಲ್ಲಿಸುವುದು ಈ ಗಾಡಿಗಳಿಗೆ ಒಳ್ಳೆಯದು. ಅಲ್ಲಿಂದ ಮುಂದಕ್ಕೆ ಎತ್ತುವ ಪ್ರತಿ ಸೆಂಟಿಮೀಟರಿಗೂ ಇನ್ನೊಂದು ಭಾಗ ಬದಲಿಸಬೇಕಾಗುತ್ತದೆ: ಮೇಲಿನ ಆರ್ಮ್, ಮುಂದಿನ ಡಿಫರೆನ್ಷಿಯಲ್ ಇಳಿಸುವ ಸ್ಪೇಸರ್ (ನಡುವೆ ಇಡುವ ಬಿಲ್ಲೆ), ಉದ್ದದ ಬ್ರೇಕ್ ಹೋಸ್, ಹೀಗೆ.

ಮೊದಲು ವೇ ಬ್ರಿಡ್ಜ್

ಎಪಿಎಂಸಿ ಇರುವ ಯಾವ ಊರಿನಲ್ಲೂ ವೇ ಬ್ರಿಡ್ಜ್ ಸಿಗುತ್ತದೆ. ಗಾಡಿಯನ್ನು ನೀವು ನಿಜವಾಗಿ ಓಡಿಸುವ ಸ್ಥಿತಿಯಲ್ಲೇ ಒಯ್ಯಿರಿ. ಟ್ಯಾಂಕ್ ತುಂಬಿರಲಿ; ಸ್ಟೆಪ್ನಿ, ಟೂಲ್, ಹಗ್ಗ, ಕ್ಯಾನೊಪಿ (ಡೆಕ್ಕಿನ ಮೇಲಿನ ಮುಚ್ಚಿಗೆ) ಇದ್ದರೆ ಅದೂ ಇರಲಿ. ಒಮ್ಮೆ ಪೂರ್ತಿ ಗಾಡಿ ತೂಗಿ. ಇನ್ನೊಮ್ಮೆ ಮುಂದಿನ ಚಕ್ರಗಳೆರಡನ್ನು ಮಾತ್ರ ಪ್ಲಾಟ್‌ಫಾರ್ಮಿನ ಮೇಲಿಟ್ಟು ತೂಗಿ. ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಹಿಂದಿನ ಆಕ್ಸಲ್ಲಿನ ತೂಕ. ಪ್ಲಾಟ್‌ಫಾರ್ಮ್ ಮತ್ತು ಅದರ ಮುಂದಿನ ನೆಲ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಅಂಕಿ ತಪ್ಪುತ್ತದೆ.

ಮುಂದೆ ಕೂರಿಸಲಿರುವ ವಸ್ತುಗಳ ತೂಕವನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳಿ. ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ) ಮತ್ತು ಅದನ್ನು ಹಿಡಿಯುವ ಉಕ್ಕಿನ ಬಂಪರ್ ಸೇರಿ 80 ಕಿಲೋ ಎಂದುಕೊಳ್ಳಿ. ಅದು ಕೂರುವುದು ಮುಂದಿನ ಆಕ್ಸಲ್ಲಿಗಿಂತಲೂ ಮುಂದೆ, ಸುಮಾರು 700 ಮಿ.ಮೀ. ಆಚೆ. ಹೈಲಕ್ಸ್‌ನ ವೀಲ್‌ಬೇಸ್ 3,085 ಮಿ.ಮೀ. ತಕ್ಕಡಿಯ ಲೆಕ್ಕದಲ್ಲಿ ನೋಡಿದರೆ ಮುಂದಿನ ಆಕ್ಸಲ್ ಮೇಲೆ ಬೀಳುವ ಹೆಚ್ಚುವರಿ ಹೊರೆ 80 ಅಲ್ಲ, ಸುಮಾರು 98 ಕಿಲೋ. ಹಿಂದಿನ ಆಕ್ಸಲ್ ಸುಮಾರು 18 ಕಿಲೋ ಹಗುರವಾಗುತ್ತದೆ. ವಿಂಚ್ ಹಾಕಿದ ಗಾಡಿಯ ಮೂಗು ನಿರೀಕ್ಷೆಗಿಂತ ಹೆಚ್ಚು ಕೂರುವುದು, ಬಾಲ ಇನ್ನಷ್ಟು ಎದ್ದಂತೆ ಕಾಣುವುದು ಇದರಿಂದಲೇ. ವಿಂಚಿನ ಉಕ್ಕಿನ ಹಗ್ಗದ ಬದಲು ಸಿಂಥೆಟಿಕ್ ಹಗ್ಗ ಹಾಕಿದರೆ ಹಲವು ಕಿಲೋ ಉಳಿಯುತ್ತದೆ. ಅದೂ ತುತ್ತತುದಿಯಲ್ಲಿ ಉಳಿಯುವ ತೂಕವಾದ್ದರಿಂದ ಬೆಲೆ ಹೆಚ್ಚು.

ಹಿಂದಿನ ಪ್ಲೇಟಿನ ಬಿಗುವನ್ನು (ಒಂದು ಮಿ.ಮೀ. ಕೂರಲು ಬೇಕಾದ ತೂಕವನ್ನು) ನೀವೇ ಅಳೆಯಬಹುದು. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರ ಬರೆದಿಡಿ. 50 ಕಿಲೋದ ಐದು ಸಿಮೆಂಟ್ ಚೀಲಗಳನ್ನು ಡೆಕ್ಕಿನಲ್ಲಿ ಎರಡು ಚಕ್ರದ ಉಬ್ಬುಗಳ ನಡುವೆ, ಆಕ್ಸಲ್ಲಿನ ನೇರಕ್ಕೆ ಇಡಿ. ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಓಡಿಸಿ ಮತ್ತೆ ಅಳೆಯಿರಿ. 250 ಕಿಲೋಗೆ 40 ಮಿ.ಮೀ. ಕೂತರೆ, ಪ್ರತಿ ಮಿಲಿಮೀಟರಿಗೆ 6.25 ಕಿಲೋ ಎಂದಾಯಿತು. ಇನ್ನು ಕ್ಯಾನೊಪಿ 80 ಕಿಲೋ, ಖಾಯಂ ಸಾಮಾನು 100 ಕಿಲೋ ಎಂದರೆ ಈಗಿರುವ ಪ್ಲೇಟು ಸುಮಾರು 29 ಮಿ.ಮೀ. ಕೂರುತ್ತದೆ ಎಂದು ಕೊಳ್ಳುವ ಮೊದಲೇ ಗೊತ್ತಾಗುತ್ತದೆ.

ಅಳೆಯುವ ಕ್ರಮ

ನೆಲದಿಂದ ಮಡ್‌ಗಾರ್ಡ್‌ವರೆಗೆ ಅಳೆದ ಅಂಕಿಯನ್ನು ನಂಬಬೇಡಿ. ಟೈರಿನ ಗಾಳಿ, ಸವೆತ, ಗಾತ್ರ ಎಲ್ಲವೂ ಅದರೊಳಗೆ ಸೇರಿಬಿಡುತ್ತವೆ. ಚಕ್ರದ ಹಬ್ಬಿನ ಮಧ್ಯದಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನಾಲ್ಕೂ ಮೂಲೆ, ಪ್ರತಿಯೊಂದೂ ಎರಡು ಸಲ. ಅಳೆಯುವ ಮುಂಚೆ ಬಂಪರ್ ಹಿಡಿದು ನಾಲ್ಕಾರು ಸಲ ಕುಣಿಸಿ, ನಂತರ ಗಾಡಿಯನ್ನು ಮೂರು ಮೀಟರ್ ಮುಂದಕ್ಕೆ ಓಡಿಸಿ ಸ್ಟೀರಿಂಗ್ ನೇರವಿಟ್ಟು ನಿಲ್ಲಿಸಿ. ಜಾಕ್‌ನಿಂದ ಇಳಿಸಿದ ಕೂಡಲೇ ಅಳೆದರೆ ಟೈರುಗಳು ಅಡ್ಡಕ್ಕೆ ಸರಿಯದೆ ಬಿಗಿದು ನಿಂತಿರುತ್ತವೆ. ಮುಂಭಾಗ ನಿಜಕ್ಕಿಂತ ಎತ್ತರ ತೋರಿಸುತ್ತದೆ. ಲಿಫ್ಟ್ ಹಾಕಿದ ದಿನ ಸಂತೋಷದಿಂದ ಅಳೆದ ಅಂಕಿ ಮರುದಿನ ಕಡಿಮೆಯಾಗುವುದಕ್ಕೆ ಮುಕ್ಕಾಲು ಪಾಲು ಕಾರಣ ಇದು.

ಈ ಅಳತೆಯಿಂದ ಎಷ್ಟು ಎತ್ತರವಾಯಿತು ಎಂಬುದು ತಿಳಿಯುತ್ತದೆ. ಗಾಡಿ ಸಮವಾಗಿದೆಯೇ ಎಂಬುದು ತಿಳಿಯುವುದಿಲ್ಲ, ಏಕೆಂದರೆ ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡ್ ಕಮಾನುಗಳನ್ನು ಒಂದೇ ಎತ್ತರಕ್ಕೆ ಕತ್ತರಿಸಿರುವುದಿಲ್ಲ. ಅದಕ್ಕೆ ಬಾಗಿಲ ಕೆಳಗಿನ ತಗಡಿನ ಅಂಚನ್ನು ಬಳಸಿ. ಅದರ ಮುಂದಿನ ತುದಿ ನೆಲದಿಂದ ಎಷ್ಟು, ಹಿಂದಿನ ತುದಿ ಎಷ್ಟು ಎಂದು ಅಳೆದು, ಎರಡು ಗುರುತುಗಳ ನಡುವಿನ ದೂರವನ್ನೂ ಬರೆದುಕೊಳ್ಳಿ. 1,500 ಮಿ.ಮೀ. ಅಂತರದಲ್ಲಿ 15 ಮಿ.ಮೀ. ವ್ಯತ್ಯಾಸವಿದ್ದರೆ 3,085 ಮಿ.ಮೀ. ವೀಲ್‌ಬೇಸ್‌ಗೆ ಅದು ಸುಮಾರು 30 ಮಿ.ಮೀ. ಇದೇ ನಿಮ್ಮ ಗಾಡಿಯ ಈಗಿನ ಓರೆ.

ಇದನ್ನು ಸೊನ್ನೆಗೆ ತರುವುದು ತಪ್ಪು. ನಿತ್ಯದ ಸಾಮಾನು ಇದ್ದಾಗ ಹಿಂಭಾಗ 10ರಿಂದ 20 ಮಿ.ಮೀ. ಎತ್ತರ ಉಳಿಯಲಿ. ಖಾಲಿ ಇದ್ದಾಗ ಚಂದಕ್ಕೆ ಸಮ ಮಾಡಿದ ಪಿಕಪ್, ನಾಲ್ಕು ಚೀಲ ಗೊಬ್ಬರ ಹೇರಿದ ದಿನ ಬಾಲ ಕೂತು ಮೂಗೆತ್ತುತ್ತದೆ. ಮುಂದಿನ ಚಕ್ರಗಳ ಮೇಲೆ ತೂಕ ಕಡಿಮೆಯಾಗಿ ಸ್ಟೀರಿಂಗ್ ಹಗುರವಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಮುಂಭಾಗ: ಸ್ಪೇಸರೋ, ಸ್ಪ್ರಿಂಗೋ

ಮುಂದೆ ಕಾಯಿಲ್ ಮತ್ತು ಶಾಕ್ ಅಬ್ಸಾರ್ಬರ್ ಒಂದರೊಳಗೊಂದು ಸೇರಿ ಸ್ಟ್ರಟ್ ಆಗಿ ಕೂತಿರುತ್ತವೆ. ಅದರ ಕೆಳತುದಿ ನಿಂತಿರುವುದು ಲೋವರ್ ಆರ್ಮಿನ ಮಧ್ಯಭಾಗದಲ್ಲಿ. ಚಕ್ರವಿರುವುದು ಆರ್ಮಿನ ತುದಿಯಲ್ಲಿ. ಸ್ಟ್ರಟ್ ಒಂದು ಮಿಲಿಮೀಟರ್ ಉದ್ದವಾದರೆ ಚಕ್ರದಲ್ಲಿ ಹೆಚ್ಚು ಕಡಿಮೆ ಎರಡರ ಹತ್ತಿರ ಕಾಣುತ್ತದೆ. ಚಕ್ರ 1 ಮಿ.ಮೀ. ಚಲಿಸಿದಾಗ ಸ್ಪ್ರಿಂಗ್ 0.55 ಮಿ.ಮೀ. ಚಲಿಸುತ್ತದೆ ಎಂದು ಹಿಡಿದರೆ, 25 ಮಿ.ಮೀ. ಸ್ಪೇಸರ್ ಚಕ್ರದಲ್ಲಿ ಸುಮಾರು 45 ಮಿ.ಮೀ. ಎತ್ತುತ್ತದೆ. ಎರಡು ಇಂಚು ಬೇಕೆಂದು ಎರಡು ಇಂಚಿನ ಸ್ಪೇಸರ್ ಕೂರಿಸಿ, ಆಮೇಲೆ ಆಕ್ಸಲ್ ಬೂಟ್ (ಜಾಯಿಂಟನ್ನು ಮುಚ್ಚುವ ರಬ್ಬರ್ ಕವಚ) ಹರಿಯಿತೆಂದು ಗೋಳಾಡುವವರು ಈ ಅನುಪಾತವನ್ನು ಮರೆತಿರುತ್ತಾರೆ.

ಸ್ಪ್ರಿಂಗಿನ ಬಿಗುವಿಗೆ ಇದೇ ಅನುಪಾತ ಎರಡು ಸಲ ಗುಣಿಸಿಕೊಳ್ಳುತ್ತದೆ. ಮಿಲಿಮೀಟರಿಗೆ 11 ಕಿಲೋ ಬಿಗುವಿನ ಕಾಯಿಲ್ ಚಕ್ರದಲ್ಲಿ 11 × 0.55 × 0.55, ಅಂದರೆ ಸುಮಾರು 3.3 ಕಿಲೋ ಮಾತ್ರ. ಮೇಲೆ ಹೇಳಿದ ವಿಂಚು ಬಂಪರುಗಳಿಂದ ಮುಂದಿನ ಪ್ರತಿ ಚಕ್ರಕ್ಕೆ 49 ಕಿಲೋ ಹೆಚ್ಚಿದರೆ ಮೂಗು ಸುಮಾರು 15 ಮಿ.ಮೀ. ಕೂರುತ್ತದೆ. 40 ಮಿ.ಮೀ. ಲಿಫ್ಟ್ ಎಂದು ತಂದ ಮಾಮೂಲಿ ತೂಕದ ಸ್ಪ್ರಿಂಗ್ ಈ ಗಾಡಿಯಲ್ಲಿ 25 ಮಾತ್ರ ಕೊಡುತ್ತದೆ. ಸ್ಪ್ರಿಂಗ್ ಕೆಟ್ಟದ್ದೆಂದು ಅಂಗಡಿಯವರ ಜೊತೆ ಜಗಳವಾಗುವುದು ಇಲ್ಲಿ. ತಪ್ಪು ಸ್ಪ್ರಿಂಗಿನದಲ್ಲ, ತೂಗದೆ ಕೊಂಡದ್ದು.

ಸ್ಪೇಸರ್‌ಗಳಲ್ಲಿ ಎರಡು ಬಗೆ. ಸ್ಟ್ರಟ್ಟಿನ ತಲೆಯ ಮೇಲೆ, ಚಾಸಿಗೂ ಅದಕ್ಕೂ ನಡುವೆ ಕೂರುವುದು ಒಂದು. ಅಗ್ಗ, ಸ್ಪ್ರಿಂಗ್ ಬಿಚ್ಚುವ ಕೆಲಸವಿಲ್ಲ, ಕೂತವರಿಗೆ ಹಳೆಯ ಮೆತ್ತಗಿನ ಓಟವೇ ಉಳಿಯುತ್ತದೆ. ಆದರೆ ಇಡೀ ಸ್ಟ್ರಟ್ ಕೆಳಕ್ಕೆ ಜರುಗುವುದರಿಂದ ಚಕ್ರ ಜೋತುಬಿದ್ದಾಗ ಕಾರ್ಖಾನೆ ಇಟ್ಟ ಮಿತಿಗಿಂತ ಕೆಳಕ್ಕೆ ಹೋಗುತ್ತದೆ. ಮೇಲಿನ ಬಾಲ್ ಜಾಯಿಂಟ್ ತನ್ನ ಕೋನದ ಅಂಚಿಗೆ ಬರುತ್ತದೆ, ಮೇಲಿನ ಆರ್ಮ್ ಕಾಯಿಲ್‌ಗೆ ತಾಗಬಹುದು, ಆಕ್ಸಲ್ಲಿನ ಸಿ.ವಿ. ಜಾಯಿಂಟ್ (ಬಾಗಿದ ಸ್ಥಿತಿಯಲ್ಲೂ ಚಕ್ರವನ್ನು ತಿರುಗಿಸುವ ಕೀಲು) ವಿಪರೀತ ಬಾಗುತ್ತದೆ. ಗುಂಡಿಗೆ ಬಿದ್ದು ಪೂರ್ತಿ ಒತ್ತಿದಾಗ ಇದರ ಉಲ್ಟಾ: ಆರ್ಮ್ ರಬ್ಬರ್ ಬಂಪ್ ಸ್ಟಾಪ್‌ಗೆ ಬಡಿಯುವ ಮೊದಲೇ ಶಾಕ್ ಒಳಗಡೆ ತಳ ಮುಟ್ಟುತ್ತದೆ. ಶಾಕಿನ ವಾಲ್ವ್ ಒಡೆಯುವುದು, ಮೇಲಿನ ಮೌಂಟ್ ಬಿರುಕು ಬಿಡುವುದು ಹೀಗೆ. ತಲೆಯ ಸ್ಪೇಸರ್ ಹಾಕಲೇಬೇಕಿದ್ದರೆ 10 ಮಿ.ಮೀ. ಆಸುಪಾಸಿನದು ಸಾಕು, ಟಾರು ದಾರಿ ಹೆಚ್ಚು ಓಡುವ ಗಾಡಿಗೆ ಮಾತ್ರ.

ಇನ್ನೊಂದು ಸ್ಪ್ರಿಂಗಿನ ಮೇಲೆ, ಸ್ಟ್ರಟ್ಟಿನ ಒಳಗೆ ಕೂರುತ್ತದೆ. ಶಾಕಿನ ಉದ್ದ ಬದಲಾಗುವುದಿಲ್ಲ, ಆದ್ದರಿಂದ ಚಕ್ರ ಜೋತುಬೀಳುವ ಮಿತಿ ಹಳೆಯದೇ. ಆದರೆ ಗಾಡಿ ಎತ್ತರದಲ್ಲಿ ನಿಲ್ಲುವುದರಿಂದ ಕೆಳಕ್ಕಿಳಿಯಲು ಉಳಿದ ಓಟ ಕಡಿಮೆ. ಹಂಪ್ಸ್ ಇಳಿಯುವಾಗ ಶಾಕ್ ಪೂರ್ತಿ ಎಳೆದು ‘ಟಕ್’ ಎನ್ನುತ್ತದೆ. ಇದರಿಂದ ಸ್ಪ್ರಿಂಗ್ ಗಟ್ಟಿಯಾಯಿತು ಎಂದು ಹಲವರು ತಿಳಿಯುತ್ತಾರೆ. ಸಮ ಸುತ್ತಿನ ಸ್ಪ್ರಿಂಗಿನ ಬಿಗು ಒತ್ತಿ ಕೂರಿಸಿದ ಮಾತ್ರಕ್ಕೆ ಬದಲಾಗದು. ನಿಲ್ಲುವ ಜಾಗ ಮಾತ್ರ ಬದಲಾಗುತ್ತದೆ. ಕಾಯಿಲ್ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ) ಇರುವ ಹಳೆಯ ಪಿಕಪ್‌ಗಳಲ್ಲಿ ಬೋಲ್ಟ್ ತಿರುಗಿಸಿ ಮೂಗೆತ್ತಿದಾಗ ಆಗುವುದೂ ಇದೇ.

ಆಫ್‌ರೋಡ್‌ಗೆ ಸರಿಯಾದ ದಾರಿ ಎಂದರೆ ತೂಕಕ್ಕೆ ತಕ್ಕ ಹೊಸ ಕಾಯಿಲ್ ಮತ್ತು ಅದಕ್ಕೆ ಹೊಂದುವ, ಸ್ವಲ್ಪ ಉದ್ದದ ಶಾಕ್. ಓಲ್ಡ್ ಮ್ಯಾನ್ ಈಮು, ಐರನ್‌ಮ್ಯಾನ್‌ನಂಥ ಆಸ್ಟ್ರೇಲಿಯಾದ ತಯಾರಕರು ಒಂದೇ ಗಾಡಿಗೆ ಹಲವು ಸ್ಪ್ರಿಂಗ್ ಮಾರುವುದು ಇದಕ್ಕೇ: ಬಂಪರ್ ಇಲ್ಲದ್ದಕ್ಕೆ ಒಂದು, ಬಂಪರ್ ಇರುವುದಕ್ಕೆ ಒಂದು, ವಿಂಚೂ ಸೇರಿದ್ದಕ್ಕೆ ಇನ್ನೊಂದು. ‘ಮುಂದೆ ಯಾವತ್ತಾದರೂ ವಿಂಚ್ ಹಾಕಿಸ್ತೀನಿ’ ಎಂದು ಈಗಲೇ ಭಾರದ ಸ್ಪ್ರಿಂಗ್ ಹಾಕಿಸಬೇಡಿ. ತೂಕವಿಲ್ಲದೆ ಅದು ಗಾಡಿಯನ್ನು ಲೆಕ್ಕಕ್ಕಿಂತ ಎತ್ತರ ನಿಲ್ಲಿಸುತ್ತದೆ, ಜಲ್ಲಿ ದಾರಿಯಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತದೆ.

ಸಿ.ವಿ. ಜಾಯಿಂಟಿನ ವಿಷಯ ಇನ್ನೊಂದು ಮಾತು. ಈ ಗಾಡಿಗಳಲ್ಲಿ ಮುಂದಿನ ಹಬ್ ಕಳಚುವ ವ್ಯವಸ್ಥೆ ಇಲ್ಲ. ಫೋರ್ ವೀಲ್ ಹಾಕದೆ ಹೆದ್ದಾರಿಯಲ್ಲಿ ಓಡುವಾಗಲೂ ಆ ಜಾಯಿಂಟುಗಳು ತಿರುಗುತ್ತಲೇ ಇರುತ್ತವೆ. ಕೋನ ಹೆಚ್ಚಾದರೆ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ತೂತಾಗುತ್ತವೆ, ಗ್ರೀಸ್ ಹೊರಗೆ ಸಿಡಿಯುತ್ತದೆ, ಕೆಸರು ಒಳಗೆ ಹೋಗುತ್ತದೆ. ರಿಮ್ಮಿನ ಒಳಬದಿಯಲ್ಲಿ ಕಪ್ಪು ಗ್ರೀಸಿನ ಗೆರೆ ಕಂಡರೆ ಅದೇ ವಾರ ಬೂಟ್ ಬದಲಿಸಿ. ಕಟಕಟ ಶಬ್ದ ಬರುವವರೆಗೆ ಕಾದರೆ ಇಡೀ ಜಾಯಿಂಟ್ ಹೋಗುತ್ತದೆ.

ಹಿಂಭಾಗ: ಪ್ಲೇಟಿನ ಲೆಕ್ಕ

ಹಿಂದೆ ಎತ್ತರಿಸಲು ನಾಲ್ಕು ದಾರಿಗಳಿವೆ, ನಾಲ್ಕೂ ಸಮಾನವಲ್ಲ.

ಬ್ಲಾಕ್ ಎಂದರೆ ಆಕ್ಸಲ್ಲಿಗೂ ಪ್ಲೇಟಿಗೂ ನಡುವೆ ಇಡುವ ಉಕ್ಕಿನ ಅಥವಾ ಅಲ್ಯೂಮಿನಿಯಂ ತುಂಡು, ಜೊತೆಗೆ ಉದ್ದದ ಯು-ಬೋಲ್ಟ್. ಎತ್ತರ ನಿಖರವಾಗಿ ಸಿಗುತ್ತದೆ, ಹೊರೆ ಹೊರುವ ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ. ಜೋರಾಗಿ ಎಳೆಯುವಾಗ ಆಕ್ಸಲ್ ಪ್ಲೇಟನ್ನು ತಿರುಚುತ್ತದೆ; ಬ್ಲಾಕ್ ಆ ತಿರುಚುವಿಕೆಗೆ ಸನ್ನೆಗೋಲು ಕೊಟ್ಟಂತೆ. 25 ಮಿ.ಮೀ. ತನಕ ಸಹಿಸಬಹುದು. ಒಂದರ ಮೇಲೊಂದು ಬ್ಲಾಕ್ ಪೇರಿಸುವುದು ಅಪಾಯ, ಯಾವ ಗ್ಯಾರೇಜು ಸಲಹೆ ಕೊಟ್ಟರೂ ಒಪ್ಪಬೇಡಿ.

ಉದ್ದದ ಶ್ಯಾಕಲ್ (ಪ್ಲೇಟಿನ ಹಿಂತುದಿಯನ್ನು ಚಾಸಿಗೆ ಜೋಡಿಸುವ ತೂಗು ಕೊಂಡಿ) ಹಾಕಿದರೆ ಅದು ಉದ್ದವಾದಷ್ಟರ ಅರ್ಧ ಮಾತ್ರ ಗಾಡಿ ಏಳುತ್ತದೆ: 50 ಮಿ.ಮೀ. ಉದ್ದವಾದರೆ 25. ಪ್ಲೇಟಿನ ಹಿಂತುದಿ ಕೆಳಗಿಳಿಯುವುದರಿಂದ ಆಕ್ಸಲ್ ತಿರುಗಿ ಪಿನಿಯನ್ (ಗೇರ್‌ಬಾಕ್ಸ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಡಿಫರೆನ್ಷಿಯಲ್ಲಿಗೆ ಸೇರುವ ತುದಿ) ಮೂಗು ಮೇಲೆತ್ತುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಜೊತೆಗೆ ಅಕ್ಕಪಕ್ಕದ ಓಲಾಟ ಹೆಚ್ಚು.

ಹೆಚ್ಚುವರಿ ಪ್ಲೇಟು ಸೇರಿಸುವುದು ಊರಿನ ಲೀಫ್ ಸ್ಪ್ರಿಂಗ್ ಅಂಗಡಿಗಳಲ್ಲೂ ಆಗುವ ಕೆಲಸ. ಎತ್ತರ, ಬಿಗು ಎರಡೂ ಏರುತ್ತವೆ. ಸೇರಿಸುವ ಪ್ಲೇಟು ಉದ್ದವಾಗಿರಲಿ, ಉಳಿದವುಗಳ ಬಾಗಿಗೆ ಹೊಂದಿಕೊಂಡಿರಲಿ. ಗಿಡ್ಡದಾದ, ವಿಪರೀತ ಬಾಗಿದ ಪ್ಲೇಟನ್ನು ನಡುವೆ ತುರುಕಿದರೆ ಅದರ ತುದಿ ಮುಟ್ಟುವ ಜಾಗದಲ್ಲೇ ಮುಖ್ಯ ಪ್ಲೇಟು ಒಂದು ದಿನ ಮುರಿಯುತ್ತದೆ.

ಹಳೆಯ ಪ್ಲೇಟುಗಳನ್ನು ತೆಗೆದು ತೂಕಕ್ಕೆ ತಕ್ಕ ಹೊಸ ಸೆಟ್ ಹಾಕುವುದು ದುಬಾರಿ, ಆದರೆ ಒಮ್ಮೆ ಮಾಡಿದರೆ ಮುಗಿಯಿತು. ಖಾಯಂ ಹೊರೆ ಎಷ್ಟು ಎಂಬುದರ ಮೇಲೆ ಈ ಸೆಟ್‌ಗಳು ಬರುತ್ತವೆ. ಖಾಯಂ ಎಂದರೆ ಗಾಡಿಯಿಂದ ಎಂದೂ ಇಳಿಯದ್ದು. ವರ್ಷಕ್ಕೆರಡು ಸಲ ಹೇರುವ ಕಾಫಿ ಚೀಲ ಇದರಲ್ಲಿ ಸೇರುವುದಿಲ್ಲ.

ಈಗ ಎಲ್ಲ ಅಂಕಿಗಳನ್ನು ಕೂಡಿಸೋಣ. ಗಾಡಿಯ ಈಗಿನ ಓರೆ 30 ಮಿ.ಮೀ. ಬಿಡಿಭಾಗಗಳೆಲ್ಲ ಕೂತ ಮೇಲೆ ಮುಂದೆ 40 ಏರಬೇಕು, ಓರೆ 15 ಉಳಿಯಬೇಕು. ಹಾಗಾದರೆ ಹಿಂಭಾಗ ಈಗಿನ ಖಾಲಿ ಎತ್ತರಕ್ಕಿಂತ 25 ಮಿ.ಮೀ. ಮಾತ್ರ ಮೇಲಿರಬೇಕು. ಆದರೆ 180 ಕಿಲೋ ಖಾಯಂ ಹೊರೆ ಬರಲಿದೆ. ಹೊಸ ಪ್ಲೇಟಿನ ಬಿಗು ಮಿಲಿಮೀಟರಿಗೆ 8 ಕಿಲೋ ಇದ್ದರೆ ಅದು 22–23 ಮಿ.ಮೀ. ಕೂರುತ್ತದೆ. ಹೊರೆಯಿಲ್ಲದೆ 48 ಮಿ.ಮೀ. ಎತ್ತುವ, 100ರಿಂದ 300 ಕಿಲೋ ಖಾಯಂ ಹೊರೆಗೆಂದು ಮಾಡಿದ ಸೆಟ್ ಇಲ್ಲಿ ಸರಿಹೊಂದುತ್ತದೆ. ಅಂಗಡಿಯವರ ಮುಂದೆ ಈ ಒಂದು ವಾಕ್ಯ ಇಟ್ಟರೆ ಮಾತು ಬಣ್ಣದಿಂದ, ಬ್ರ್ಯಾಂಡಿನಿಂದ ಶುರುವಾಗದೆ ಕೆಲಸದಿಂದ ಶುರುವಾಗುತ್ತದೆ.

ಹಿಂದಿನ ಶಾಕ್ ಆರಿಸುವಾಗ ಎರಡು ಉದ್ದ ನೋಡಿ. ಪೂರ್ತಿ ಒತ್ತಿದಾಗಿನ ಉದ್ದ, ಆಕ್ಸಲ್ ಬಂಪ್ ಸ್ಟಾಪ್ ಮುಟ್ಟಿದಾಗ ಎರಡು ಮೌಂಟುಗಳ ನಡುವೆ ಉಳಿಯುವ ಅಂತರಕ್ಕಿಂತ 10–15 ಮಿ.ಮೀ. ಕಡಿಮೆ ಇರಬೇಕು. ಪೂರ್ತಿ ಎಳೆದಾಗಿನ ಉದ್ದ, ಆಕ್ಸಲ್ ಜೋತುಬಿದ್ದಾಗ ಬ್ರೇಕ್ ಹೋಸ್ ಬಿಗಿಯುವುದಕ್ಕೆ ಮೊದಲೇ ಮುಗಿಯಬೇಕು. ಕೂರಿಸಿದ ಮೇಲೆ ಪರೀಕ್ಷೆ ಸುಲಭ: ಶಾಕಿನ ಹೊಳೆಯುವ ಕಡ್ಡಿಗೆ ಒಂದು ಸಣ್ಣ ಕೇಬಲ್ ಟೈ ಸುತ್ತಿ, ಅದನ್ನು ಸೀಲಿನ ಮೇಲೆ ಕೂರಿಸಿ, ಒರಟು ದಾರಿಯಲ್ಲಿ ಒಂದು ಸುತ್ತು ಬನ್ನಿ. ಟೈ ಕಡ್ಡಿಯ ತುದಿಯವರೆಗೆ ತಳ್ಳಿಕೊಂಡು ಹೋಗಿದ್ದರೆ ಶಾಕ್ ತಳ ಮುಟ್ಟುತ್ತಿದೆ ಎಂದೇ ಅರ್ಥ. (ಮೇಲೆ ತಗಡಿನ ಕವಚ ಇರುವ ಶಾಕಿನಲ್ಲಿ ಇದು ಕಾಣುವುದಿಲ್ಲ.)

ಕೂರಿಸುವಾಗ ಎಲ್ಲಿ ಕೆಡುತ್ತದೆ

ಮುಂದಿನ ಕೆಲಸಕ್ಕೆ ಎರಡೂ ಕಡೆಯ ಚಕ್ರ ಬಿಚ್ಚಿ ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಜಾಕ್ ಮೇಲೆ ಬಿಟ್ಟು ಕೆಳಗೆ ನುಗ್ಗಬೇಡಿ. ಸ್ಟೆಬಿಲೈಸರ್ ಬಾರಿನ ಲಿಂಕ್ ಎರಡೂ ಬದಿ ಬಿಚ್ಚಿ, ಒಂದೇ ಬದಿ ಬಿಚ್ಚಿದರೆ ಆರ್ಮ್ ಕೆಳಗೆ ಬರುವುದಿಲ್ಲ. ಎಬಿಎಸ್ ವೈರ್ ಮತ್ತು ಬ್ರೇಕ್ ಹೋಸಿನ ಕ್ಲಿಪ್ ಸಡಿಲಿಸಿ. ಲೋವರ್ ಆರ್ಮಿಗೆ ಜಾಕ್ ಆಸರೆ ಕೊಟ್ಟು ಸ್ಟ್ರಟ್ಟಿನ ಕೆಳಗಿನ ಬೋಲ್ಟ್, ಮೇಲಿನ ಮೂರು ನಟ್ ಬಿಚ್ಚಿ. ನಡುವಿನ ದೊಡ್ಡ ನಟ್ಟಿಗೆ ಸ್ಪ್ಯಾನರ್ ಹಾಕಲೇಬಾರದು. ಒತ್ತಿ ಹಿಡಿದ ಸ್ಪ್ರಿಂಗನ್ನು ತಡೆದಿರುವುದು ಅದೊಂದೇ. ಅದು ಬಿಚ್ಚಿಕೊಂಡರೆ ತಗಡು ಮುಖಕ್ಕೆ ಹಾರುತ್ತದೆ. ಸ್ಪ್ರಿಂಗ್ ಬದಲಿಸುವುದು ಗೋಡೆಗೆ ಅಥವಾ ನೆಲಕ್ಕೆ ಬೋಲ್ಟ್ ಮಾಡಿದ ಕಂಪ್ರೆಸರ್‌ನಲ್ಲಿ ಮಾತ್ರ ಆಗಬೇಕು. ಬಿಚ್ಚುವ ಮೊದಲು ಮೇಲಿನ ಬೋಲ್ಟ್‌ಗಳಿಗೂ ಕೆಳಗಿನ ಕಣ್ಣಿಗೂ ನಡುವಿನ ದಿಕ್ಕಿಗೆ ಪೇಂಟಿನಲ್ಲಿ ಗೆರೆ ಎಳೆಯಿರಿ, ಇಲ್ಲವಾದರೆ ಮರಳಿ ಕೂರಿಸುವಾಗ ರಂಧ್ರ ಸೇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಬುಷ್. ಆರ್ಮಿನ ಬುಷ್ ಎಂದರೆ ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು, ನಡುವೆ ಅಂಟಿಸಿದ ರಬ್ಬರ್. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಚಾಸಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಆರ್ಮಿನ ಚಲನೆಯೆಲ್ಲ ರಬ್ಬರ್ ತಿರುಚುವುದರಿಂದಲೇ ನಡೆಯಬೇಕು. ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ಆ ರಬ್ಬರ್ ತಿರುಚಿಕೊಂಡಿರುತ್ತದೆ. ಕೆಲವೇ ತಿಂಗಳಲ್ಲಿ ಸೀಳುತ್ತದೆ. ಅಲ್ಲಿಯವರೆಗೆ ಗಾಡಿಯ ಎತ್ತರವನ್ನೂ ತಪ್ಪು ತೋರಿಸುತ್ತದೆ. ಬೋಲ್ಟುಗಳನ್ನು ಕೈಬಿಗಿಗೆ ಬಿಟ್ಟು, ಚಕ್ರ ಹಾಕಿ, ನೆಲಕ್ಕಿಳಿಸಿ, ಕುಣಿಸಿ, ಓಡಿಸಿ, ಆಮೇಲೆ ಕೆಳಗೆ ಮಲಗಿ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಪ್ಲೇಟಿನ ಮುಂದಿನ ಕಣ್ಣು, ಶ್ಯಾಕಲ್ ಪಿನ್ನುಗಳಿಗೂ ಇದೇ ನಿಯಮ. ಟಾರ್ಕ್ ಅಂಕಿ ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನಿಂದಲೋ ಕಿಟ್ಟಿನ ಜೊತೆ ಬಂದ ಹಾಳೆಯಿಂದಲೋ ತೆಗೆದುಕೊಳ್ಳಿ.

ಹಿಂದೆ, ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನೊಳಗೆ ಪೂರ್ತಿ ಕೂತಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಅಂಚಿನ ಮೇಲೆ ಕೂತರೂ ಯು-ಬೋಲ್ಟ್ ಬಿಗಿಯುತ್ತದೆ, ಆದರೆ ಆಕ್ಸಲ್ ಒಂದು ಬದಿ ಹಿಂದಕ್ಕೆ ಸರಿದು ಗಾಡಿ ಓರೆಯಾಗಿ ಓಡುತ್ತದೆ. ಪ್ಲೇಟಿನ ಮುಂದಿನ ಕಣ್ಣಿನಿಂದ ಆಕ್ಸಲ್‌ವರೆಗೆ ಎರಡೂ ಬದಿ ಅಳೆದರೆ ಗೊತ್ತಾಗುತ್ತದೆ. ಹಳೆಯ ಯು-ಬೋಲ್ಟ್ ಮರುಬಳಕೆ ಬೇಡ. ಒಮ್ಮೆ ಎಳೆತಕ್ಕೆ ಹಿಗ್ಗಿದ ಮರೆ (ಬೋಲ್ಟಿನ ಥ್ರೆಡ್) ಮತ್ತೆ ಅದೇ ಹಿಡಿತ ಕೊಡದು. ನಾಲ್ಕೂ ನಟ್ಟುಗಳನ್ನು ಕರ್ಣಾಕಾರವಾಗಿ, ಮೂರು ನಾಲ್ಕು ಹಂತಗಳಲ್ಲಿ, ಎಲ್ಲ ಕಡೆ ಒಂದೇ ಪ್ರಮಾಣದ ಮರೆ ಹೊರಗೆ ಕಾಣುವಂತೆ ಬಿಗಿಯಿರಿ.

ಹಿಂದಿನ ಆಕ್ಸಲ್ಲಿನಿಂದ ಚಾಸಿಯ ಮೇಲಿನ ಬ್ರೇಕ್ ವಾಲ್ವಿಗೆ ಸಣ್ಣ ಕಡ್ಡಿಯೊಂದು ಹೋಗಿದ್ದರೆ ಅದನ್ನು ಮರೆಯಬೇಡಿ. ಹೊರೆ ಎಷ್ಟಿದೆ ಎಂದು ಗಾಡಿಯ ಎತ್ತರದಿಂದ ತಿಳಿದು ಹಿಂದಿನ ಬ್ರೇಕಿನ ಒತ್ತಡ ನಿರ್ಧರಿಸುವ ವಾಲ್ವ್ ಅದು. ಗಾಡಿ ಎತ್ತಿದಾಗ ಅದಕ್ಕೆ ಡೆಕ್ ಯಾವಾಗಲೂ ಖಾಲಿಯಾಗಿಯೇ ಕಾಣುತ್ತದೆ, ಹಿಂದಿನ ಬ್ರೇಕ್ ಸೊರಗುತ್ತದೆ. ಲಿಫ್ಟ್ ಆದಷ್ಟೇ ಎತ್ತರದ ಬ್ರ್ಯಾಕೆಟ್ ಹಾಕಿ ಅದನ್ನು ಮೊದಲಿನ ಕೋನಕ್ಕೆ ತರಬೇಕು. ಡಿಫರೆನ್ಷಿಯಲ್ಲಿನ ಬ್ರೀದರ್ (ಗಾಳಿಯಾಡುವ) ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದುಕೊಂಡಿಲ್ಲವೇ ಎಂದೂ ಚಕ್ರ ಜೋತುಬಿಟ್ಟು ನೋಡಿ.

ಹೊರಡುವಾಗ ಮಾತ್ರ ಸೀಟಿನ ಕೆಳಗೆ ನಡುಕ ಬಂದು, ವೇಗ ಹೆಚ್ಚಿದಂತೆ ಮಾಯವಾದರೆ ಪ್ರೊಪೆಲ್ಲರ್ ಶಾಫ್ಟಿನ ಕೋನವನ್ನು ಶಂಕಿಸಿ. ಇವುಗಳದ್ದು ಎರಡು ತುಂಡಿನ ಶಾಫ್ಟ್. ನಡುವಿನ ಬೇರಿಂಗನ್ನು ಸಣ್ಣ ಸ್ಪೇಸರ್‌ಗಳಿಂದ ಸ್ವಲ್ಪ ಇಳಿಸಿದರೆ, ಇಲ್ಲವೇ ಪ್ಲೇಟಿನ ಕೆಳಗೆ ಓರೆ ಶಿಮ್ (ತೆಳು ಬೆಣೆ) ಇಟ್ಟು ಪಿನಿಯನ್ ಕೋನ ಸರಿಪಡಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಅಲೈನ್‌ಮೆಂಟ್, ದೀಪ, ಕಾಗದ

ಮುಂದೆ ಎತ್ತಿದಾಗ ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು), ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದು), ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷದ ಹಿಂದುಮುಂದಿನ ಓರೆ) ಮೂರೂ ಜಾಗ ಬಿಡುತ್ತವೆ. ಅಂಗಡಿಗಳಲ್ಲಿ ಟೋ ಒಂದನ್ನೇ ಸರಿಮಾಡಿ ಕಳುಹಿಸುವ ರೂಢಿ ಇದೆ. ಮೂರೂ ಅಳತೆಗಳ ಪ್ರಿಂಟ್ ಕೇಳಿ. ಕ್ಯಾಸ್ಟರ್ ಕಡಿಮೆಯಾಗಿದ್ದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಹೆದ್ದಾರಿಯಲ್ಲಿ ಗಾಡಿ ಅಲೆಯುತ್ತದೆ. ಲೋವರ್ ಆರ್ಮಿನ ಕ್ಯಾಮ್ ಬೋಲ್ಟುಗಳಿಂದ ಅದನ್ನು ಕಾರ್ಖಾನೆ ಮಿತಿಯ ಮೇಲ್ತುದಿಗೆ, ಎರಡೂ ಬದಿ ಅರ್ಧ ಡಿಗ್ರಿಯೊಳಗೆ ತರಿಸಿ. ಬೋಲ್ಟ್ ಪೂರ್ತಿ ತಿರುಗಿಸಿದರೂ ಬಾರದಿದ್ದರೆ ಆಗ ಬೇರೆ ಮೇಲಿನ ಆರ್ಮ್ ಕೊಳ್ಳುವ ಮಾತು, ಅದಕ್ಕೆ ಮೊದಲಲ್ಲ.

ಹೆಡ್‌ಲೈಟ್ ಮರೆತರೆ ಎದುರಿನವರಿಗೆ ಶಿಕ್ಷೆ. ಹಿಂದೆ ಮುಟ್ಟದೆ ಮುಂದೆ ಮಾತ್ರ 40 ಮಿ.ಮೀ. ಎತ್ತಿದರೆ 50 ಮೀಟರ್ ದೂರದಲ್ಲಿ ಬೆಳಕಿನ ಅಂಚು ಸುಮಾರು 65 ಸೆಂ.ಮೀ. ಮೇಲೇರುತ್ತದೆ. ಕಾರಿನವರ ಕಣ್ಣಿನ ಎತ್ತರಕ್ಕೆ ಅಷ್ಟು ಸಾಕು. ಕೆಲಸಕ್ಕೆ ಮೊದಲೇ ಗೋಡೆಯ ಮುಂದೆ ನಿಲ್ಲಿಸಿ ಬೆಳಕಿನ ಅಂಚಿಗೆ ಗುರುತು ಹಾಕಿ, ಆಮೇಲೆ ಅದೇ ದೂರದಲ್ಲಿ ನಿಲ್ಲಿಸಿ ಆ ಗುರುತಿಗೆ ಇಳಿಸಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಉಕ್ಕಿನ ಬುಲ್ ಬಾರ್‌ಗಳ (ಗಾಡಿಯ ಮುಂದೆ ಕೂರಿಸುವ ರಕ್ಷಣಾ ಕಂಬಿಗಳ) ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತ್ತು. ಬೋಲ್ಟ್ ಬಿಚ್ಚಿದರೆ ಮೂಲಸ್ಥಿತಿಗೆ ಮರಳುವ ಭಾಗಗಳನ್ನೇ ಆರಿಸಿ, ಕತ್ತರಿಸುವ ಬೆಸೆಯುವ ಕೆಲಸ ಬೇಡ, ಹಳೆಯ ಭಾಗಗಳನ್ನು ಎತ್ತಿಡಿ. ಆರ್‌ಟಿಒದಲ್ಲಿ, ಇನ್ಶೂರೆನ್ಸ್ ಕಂಪನಿಯಲ್ಲಿ ಮೊದಲೇ ವಿಚಾರಿಸಿ. ಅಪಘಾತವಾದ ಮೇಲೆ ಈ ಪ್ರಶ್ನೆ ಏಳುವುದು ದುಬಾರಿ.

ಕೆಲಸವಾದ ಮೇಲೆ 100 ಕಿ.ಮೀ. ಓಡಿದಾಗ ಒಮ್ಮೆ, 1,000 ಕಿ.ಮೀ. ಓಡಿದಾಗ ಇನ್ನೊಮ್ಮೆ ಯು-ಬೋಲ್ಟ್‌ಗಳಿಗೆ ಟಾರ್ಕ್ ರೆಂಚ್ ಹಾಕಿ ನೋಡಿ. ಪ್ಲೇಟುಗಳ ನಡುವಿನ ಪೇಂಟ್ ಸವೆದು ಅವು ಸಡಿಲಾಗುವುದು ಸಹಜ. ಹೊಸ ಸ್ಪ್ರಿಂಗುಗಳು ಆ ಹೊತ್ತಿಗೆ ಒಂದಿಷ್ಟು ಕೂತು ನೆಲೆ ನಿಂತಿರುತ್ತವೆ. ಎಡಬಲದ ವ್ಯತ್ಯಾಸವನ್ನು ಸರಿಪಡಿಸಲು ಇದೇ ಸಮಯ, ಮೊದಲ ದಿನವಲ್ಲ. ನಾಲ್ಕೂ ಮೂಲೆ ಮತ್ತೆ ಅಳೆಯಿರಿ, ಈ ಸಲ ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಮುಂದೆ ಬಲಬದಿ 8–10 ಮಿ.ಮೀ. ತಗ್ಗಿದ್ದರೆ ಆ ಬದಿಯ ಕಾಯಿಲ್ ಮೇಲೆ 5 ಮಿ.ಮೀ. ಪ್ಯಾಕರ್ (ತೆಳು ಸ್ಪೇಸರ್) ಸಾಕು. ಒಂದು ಬದಿ 20 ಮಿ.ಮೀ. ತಗ್ಗಿದ್ದರೆ ಪ್ಯಾಕರ್ ಇಡಬೇಡಿ. ಎಡ ಬಲ ಸ್ಪ್ರಿಂಗ್ ಅದಲುಬದಲಾಗಿದೆಯೇ, ಕಾಯಿಲಿನ ತುದಿ ತನ್ನ ಗುಳಿಯಲ್ಲಿ ಕೂತಿದೆಯೇ, ಯಾವುದಾದರೂ ಬುಷ್ ಗಾಳಿಯಲ್ಲಿ ಬಿಗಿದುಹೋಗಿದೆಯೇ ಎಂದು ಹುಡುಕಿ.